ವಾಂತಿ ನಿಲ್ಲಿಸುವ ಗುಳಿಗೆ ದೇಹದಲ್ಲಿ ಮಾಡುವ ಕೆಲಸ

ಕೋಠಿಯ ಇಂದರ್‌ಬಾಗಿನಲ್ಲಿ ಔಷಧದ ಸಗಟು ಅಂಗಡಿಗಳು ಒತ್ತೊತ್ತಾಗಿ ಇರುವುದನ್ನು ಇತ್ತ ಓಡಾಡುವವರೆಲ್ಲರೂ ಬಲ್ಲರು. ಅಲ್ಲಿ ಇಳಿಯುವ ಪೆಟ್ಟಿಗೆಗಳಲ್ಲಿ ವಾಂತಿ ನಿಲ್ಲಿಸುವ ಗುಳಿಗೆಗೆ ಎಂದೂ ಬರವಿಲ್ಲ. ಖಾನಾವಳಿಯ ಊಟ ಒಗ್ಗದೆ ಹೋದಾಗ, ಬೀದರಿಗೋ ರಾಯಚೂರಿಗೋ ಹೋಗುವ ಬಸ್ಸಿನಲ್ಲಿ ಹೊಟ್ಟೆ ತೊಳಸಿದಾಗ, ಬಿಸಿಲಿನಲ್ಲಿ ದುಡಿದು ತಲೆ ಸುತ್ತಿದಾಗ ನಮ್ಮಲ್ಲಿ ಅನೇಕರು ಅಂಗಡಿಯ ಮುಂದೆ ನಿಂತು "ಉಲ್ಟಿ ಗೋಲಿ ಕೊಡಿ" ಎಂದು ಕೇಳಿ, ಕೊಟ್ಟುದನ್ನು ನುಂಗಿ ಕೆಲಸಕ್ಕೆ ಹೋಗುತ್ತೇವೆ. ಜೊತೆಯಲ್ಲಿರುವ ಗೆಳೆಯನಿಗೆ ಡಾಕ್ಟರರು ಹೋದ ತಿಂಗಳು ಬರೆದುಕೊಟ್ಟ ಗುಳಿಗೆ ಉಳಿದಿದ್ದರೆ ಅದನ್ನೇ ತೆಗೆದುಕೊಳ್ಳುವುದೂ ಉಂಟು. ಒಮ್ಮೆ ಗುಣ ಕಾಣುತ್ತದೆ. ಇನ್ನೊಮ್ಮೆ ಏನೂ ಆಗುವುದಿಲ್ಲ. ಗುಳಿಗೆ ಅದೇ, ವಾಂತಿಯೂ ಅದೇ, ಹೀಗೇಕೆ? ಇದಕ್ಕೆ ಉತ್ತರ ತಿಳಿದುಕೊಂಡರೆ ಹಣ ಉಳಿದೀತು. ಕೆಲವು ವೇಳೆ ಜೀವವೂ ಉಳಿದೀತು.

ವಾಂತಿ ಆಗುವ ಬಗೆ

ವಾಂತಿಯನ್ನು ಮಾಡಿಸುವುದು ಜಠರವೇ ಎಂದು ನಾವು ಸಾಮಾನ್ಯವಾಗಿ ಭಾವಿಸಿರುತ್ತೇವೆ. ಹಿಂದಿನ ಕಾಲದ ಅನೇಕ ವೈದ್ಯರ ಎಣಿಕೆಯೂ ಹಾಗೆಯೇ ಇತ್ತು. ಫ್ರಾನ್ಸಿನ ಶರೀರವಿಜ್ಞಾನಿ ಮಾಜೆಂಡಿ ಎಂಬಾತನು 1813ರಲ್ಲಿ ಪ್ರಕಟಿಸಿದ ಪ್ರಯೋಗದಿಂದ ಈ ಎಣಿಕೆ ತಪ್ಪೆಂದು ತಿಳಿಯಿತು. ಆತನು ಒಂದು ನಾಯಿಯ ಜಠರವನ್ನು ತೆಗೆದು, ಆ ಸ್ಥಳದಲ್ಲಿ ಹಂದಿಯ ಮೂತ್ರಕೋಶದ ಚೀಲವನ್ನು ಹೊಲಿದು, ವಾಂತಿ ಬರಿಸುವ ಔಷಧವನ್ನು ರಕ್ತನಾಳದಲ್ಲಿ ಸೇರಿಸಿದನು. ನಿರ್ಜೀವವಾದ ಆ ಚೀಲದಲ್ಲಿದ್ದುದೂ ಹೊರಕ್ಕೆ ಬಂದಿತು. ಜಠರವು ಈ ಕೆಲಸದಲ್ಲಿ ಬರಿಯ ಚೀಲವೆಂದೂ, ಅದನ್ನು ಹಿಂಡುವವರು ಬೇರೆ ಇದ್ದಾರೆಂದೂ ಇದರಿಂದ ಸಿದ್ಧವಾಯಿತು.

ಹಿಂಡುವ ಕೆಲಸ ಎದೆಗೂ ಹೊಟ್ಟೆಗೂ ನಡುವೆ ಪರದೆಯಂತಿರುವ ವಪೆಯದು, ಮತ್ತು ಹೊಟ್ಟೆಯ ಗೋಡೆಯ ಸ್ನಾಯುಗಳದು. ಅದಕ್ಕೆ ಮುಂಚೆ ಬಾಯಲ್ಲಿ ನೀರೂರುತ್ತದೆ, ಮುಖ ಬಿಳುಪೇರುತ್ತದೆ, ಬೆವರು ಬರುತ್ತದೆ. ಸಣ್ಣ ಕರುಳಿನಲ್ಲಿದ್ದುದು ಹಿಂದಿರುಗಿ ಜಠರಕ್ಕೆ ಬರುತ್ತದೆ. ಆಮೇಲೆ ಉಸಿರು ಕ್ಷಣಕಾಲ ನಿಂತು, ಕಾರಿದ್ದು ಶ್ವಾಸಕೋಶಕ್ಕೆ ಇಳಿಯದಂತೆ ಗಂಟಲಿನಲ್ಲಿ ಗಾಳಿಯ ದಾರಿ ಮುಚ್ಚಿಕೊಳ್ಳುತ್ತದೆ. ಕುಡಿದು ಮೈಮರೆತವನಲ್ಲಿಯೂ ಪ್ರಜ್ಞೆ ತಪ್ಪಿದವನಲ್ಲಿಯೂ ಈ ಮುಚ್ಚುವಿಕೆಯನ್ನು ನಂಬುವಂತಿಲ್ಲ. ಅಂಥವನನ್ನು ಅಂಗಾತ ಮಲಗಿಸದೆ ಪಕ್ಕಕ್ಕೆ ಹೊರಳಿಸಿ ಮಲಗಿಸಬೇಕೆಂದು ಹೇಳುವುದು ಇದಕ್ಕಾಗಿಯೇ.

ಇಷ್ಟು ಕೆಲಸಗಳು ಒಂದರ ಹಿಂದೊಂದು ಕ್ರಮವಾಗಿ ನಡೆಯಬೇಕಾದರೆ ಅಪ್ಪಣೆ ಕೊಡುವವನೊಬ್ಬ ಇರಲೇಬೇಕಷ್ಟೆ. ಆ ಅಪ್ಪಣೆ ಮೆದುಳಿನ ಬುಡದಿಂದ, ಅದು ಬೆನ್ನುಹುರಿಯನ್ನು ಕೂಡುವ ಮೆಡುಲ್ಲಾ ಎಂಬ ಭಾಗದಿಂದ ಹೊರಡುತ್ತದೆ.

ಒಂದು ಮೇಜು, ನಾಲ್ಕು ದಾರಿ

ಕಛೇರಿಯಲ್ಲಿ ಕೆಲಸ ಮಾಡುವವರಿಗೆ ಈ ಏರ್ಪಾಡು ಸುಲಭವಾಗಿ ತಿಳಿಯುತ್ತದೆ. ಅಪ್ಪಣೆ ಹೊರಡುವ ಮೇಜು ಒಂದೇ. ಆದರೆ ಅದಕ್ಕೆ ಟಪಾಲು ಬಂದು ಸೇರುವ ದಾರಿಗಳು ನಾಲ್ಕು.

ಮೊದಲನೆಯದು ಕರುಳಿನ ದಾರಿ. ಕೆಟ್ಟ ಆಹಾರ, ರೋಗಾಣು, ಕೆಲವು ಔಷಧಗಳು ಕರುಳಿನ ಒಳಪದರವನ್ನು ಕೆರಳಿಸಿದಾಗ, ಅಲ್ಲಿಯ ಜೀವಕೋಶಗಳು ಸೆರೊಟೋನಿನ್ ಎಂಬ ವಸ್ತುವನ್ನು ಬಿಡುತ್ತವೆ. ಅದು ವೇಗಸ್ ಎಂಬ ನರದ ತುದಿಗಳನ್ನು ಮುಟ್ಟುತ್ತದೆ; ಆ ನರವು ಸುದ್ದಿಯನ್ನು ಮೆದುಳಿಗೆ ಒಯ್ಯುತ್ತದೆ.

ಎರಡನೆಯದು ರಕ್ತದ ದಾರಿ. ಮೆದುಳಿನ ಹೆಚ್ಚಿನ ಭಾಗಕ್ಕೆ ರಕ್ತದಲ್ಲಿರುವ ವಿಷವಸ್ತುಗಳು ಸುಲಭವಾಗಿ ನುಗ್ಗದಂತೆ ಒಂದು ತಡೆ ಇದೆ. ಮೆಡುಲ್ಲಾದ ಹಿಂಬದಿಯ ಒಂದು ಚಿಕ್ಕ ತಾಣದಲ್ಲಿ ಮಾತ್ರ ಆ ತಡೆ ಸಡಿಲು. ಈ ತಾಣವು ರಕ್ತದ ರುಚಿ ನೋಡುತ್ತಿರುವ ಕಾವಲುಗಾರನೆಂದು ಅಮೆರಿಕದ ಬೋರಿಸನ್ ಮತ್ತು ವಾಂಗ್ ಎಂಬ ವಿಜ್ಞಾನಿಗಳು 1950ರ ಸುಮಾರಿಗೆ ತೋರಿಸಿಕೊಟ್ಟರು. ಮೂತ್ರಪಿಂಡ ಕೆಟ್ಟು ರಕ್ತದಲ್ಲಿ ಕಲ್ಮಷ ಕೂಡಿದಾಗ, ಸಕ್ಕರೆ ಕಾಯಿಲೆ ವಿಕೋಪಕ್ಕೆ ಹೋದಾಗ, ಅಫೀಮಿನ ಜಾತಿಯ ನೋವಿನ ಔಷಧ ಕೊಟ್ಟಾಗ ವಾಂತಿಯಾಗುವುದು ಹೆಚ್ಚಾಗಿ ಈ ದಾರಿಯಿಂದ. ಇಲ್ಲಿ ಡೋಪಮಿನ್ ಎಂಬ ವಸ್ತುವಿನ ಕೈವಾಡ ಹೆಚ್ಚು.

ಮೂರನೆಯದು ಕಿವಿಯ ದಾರಿ. ಒಳಕಿವಿಯಲ್ಲಿ ದೇಹದ ತೂಕವನ್ನೂ ಓಲಾಟವನ್ನೂ ಅಳೆಯುವ ಅಂಗವಿದೆ. ಬಸ್ಸಿನಲ್ಲಿ ಕುಳಿತು ಪುಸ್ತಕ ಓದುವಾಗ ಕಣ್ಣು "ನಿಂತಿದ್ದೇವೆ" ಎನ್ನುತ್ತದೆ, ಕಿವಿ "ಓಲಾಡುತ್ತಿದ್ದೇವೆ" ಎನ್ನುತ್ತದೆ. ಎರಡು ವರದಿಗಳು ತಾಳೆಯಾಗದೆ ಹೊಟ್ಟೆ ತೊಳಸುತ್ತದೆ. ಈ ದಾರಿಯಲ್ಲಿ ಓಲೆಯನ್ನು ಒಯ್ಯುವವರು ಹಿಸ್ಟಮಿನ್ ಮತ್ತು ಅಸಿಟೈಲ್‌ಕೋಲಿನ್ ಎಂಬ ವಸ್ತುಗಳು.

ನಾಲ್ಕನೆಯದು ಮೇಲಿನ ಮೆದುಳಿನ ದಾರಿ. ದುರ್ವಾಸನೆ, ಭಯ, ಕಡುನೋವು, ಹಿಂದಿನ ಕೆಟ್ಟ ನೆನಪು ಇವುಗಳಿಂದ ಬರುವ ಓಕರಿಕೆ ಈ ಬಗೆಯದು. ತಲೆಗೆ ಪೆಟ್ಟು ಬಿದ್ದು ಒಳಗೆ ಒತ್ತಡ ಹೆಚ್ಚಿದಾಗಲೂ ವಾಂತಿಯಾಗುತ್ತದೆ.

ವಾಂತಿ ನಿಲ್ಲಿಸುವ ಯಾವ ಗುಳಿಗೆಯೂ ಈ ನಾಲ್ಕು ದಾರಿಗಳನ್ನೂ ಒಟ್ಟಿಗೆ ಮುಚ್ಚಲಾರದು. ಒಂದೊಂದು ಗುಳಿಗೆ ಒಂದೋ ಎರಡೋ ದಾರಿಯನ್ನು ತಡೆಯುತ್ತದೆ. ಮೇಲೆ ಕೇಳಿದ ಪ್ರಶ್ನೆಗೆ ಉತ್ತರ ಇಷ್ಟೇ.

ಒಂಡಾನ್ಸೆಟ್ರಾನ್ ಎಂಬ ಗುಳಿಗೆ

ಈಗ ವೈದ್ಯರು ಬಹಳವಾಗಿ ಬರೆಯುವ ಗುಳಿಗೆ ಒಂಡಾನ್ಸೆಟ್ರಾನ್. ಸಿಪ್ಲಾ ಕಂಪನಿಯು ಇದನ್ನು ಎಮೆಸೆಟ್ ಎಂಬ ಹೆಸರಿನಲ್ಲಿ ಮಾರುತ್ತದೆ; ಬೇರೆ ಕಂಪನಿಗಳ ಬೇರೆ ಹೆಸರುಗಳೂ ಉಂಟು. ಇದನ್ನು ಕಂಡುಹಿಡಿದವರು ಇಂಗ್ಲೆಂಡಿನ ಗ್ಲಾಕ್ಸೊ ಕಂಪನಿಯವರು. 1991ರಲ್ಲಿ ಅಮೆರಿಕದಲ್ಲಿ ಇದಕ್ಕೆ ಅನುಮತಿ ದೊರೆಯಿತು. 2006ರ ಡಿಸೆಂಬರಿನಲ್ಲಿ ಅಲ್ಲಿಯ ಪೇಟೆಂಟು ಮುಗಿದಾಗ, ನಮ್ಮ ಹೈದರಾಬಾದಿನ ಡಾ. ರೆಡ್ಡೀಸ್ ಕಂಪನಿಯೂ ಈ ಗುಳಿಗೆಯನ್ನು ಆ ದೇಶದಲ್ಲಿ ಮಾರತೊಡಗಿತು. ವಿಶ್ವ ಆರೋಗ್ಯ ಸಂಸ್ಥೆಯ ಅವಶ್ಯ ಔಷಧಗಳ ಪಟ್ಟಿಯಲ್ಲಿಯೂ ಇದರ ಹೆಸರಿದೆ.

ಇದು ತಡೆಯುವುದು ಸೆರೊಟೋನಿನ್ನಿನ ಓಲೆಯನ್ನು. ನಮ್ಮ ದೇಹದ ಸೆರೊಟೋನಿನ್ನಿನಲ್ಲಿ ನೂರಕ್ಕೆ ಸುಮಾರು 90 ಪಾಲು ಕರುಳಿನಲ್ಲಿಯೇ ಇದೆ ಎಂಬುದು ಸೋಜಿಗದ ಸಂಗತಿ. ವೇಗಸ್ ನರದ ತುದಿಯಲ್ಲಿ ಈ ವಸ್ತು ಬಂದು ಕೂಡುವುದಕ್ಕೆ ತಕ್ಕ ಅಚ್ಚಿನಂತಹ ಸ್ಥಾನಗಳಿವೆ. ಇವುಗಳಿಗೆ ಗ್ರಾಹಕಗಳೆಂದು ಹೆಸರು. ಸೆರೊಟೋನಿನ್ ಅಲ್ಲಿ ಕೂತಕೂಡಲೆ ನರದಲ್ಲಿ ಸುದ್ದಿ ಹೊರಡುತ್ತದೆ. ಒಂಡಾನ್ಸೆಟ್ರಾನ್ ಆ ಸ್ಥಾನದಲ್ಲಿ ತಾನೇ ಹೋಗಿ ಕೂಡುತ್ತದೆ. ಆದರೆ ಸುದ್ದಿಯನ್ನು ಹೊರಡಿಸುವುದಿಲ್ಲ. ಟಪಾಲು ಪೆಟ್ಟಿಗೆಯ ಬಾಯಿಗೆ ಯಾರೋ ಬರಿಯ ರಟ್ಟನ್ನು ತುರುಕಿಟ್ಟರೆ ಕಾಗದ ಒಳಗೆ ಬೀಳುವುದಿಲ್ಲವಲ್ಲವೆ? ಹಾಗೆಯೇ ಇದು. ಕರುಳಿನ ಕಾಯಿಲೆ ಹಾಗೆಯೇ ಇರುತ್ತದೆ, ಸೆರೊಟೋನಿನ್ನೂ ಸುರಿಯುತ್ತಿರುತ್ತದೆ. ದೂರು ಮಾತ್ರ ಮೇಜಿಗೆ ತಲುಪುವುದಿಲ್ಲ. ಮೆದುಳಿನಲ್ಲಿರುವ ಕಾವಲು ತಾಣದ ಬಳಿಯಲ್ಲಿಯೂ ಇಂಥವೇ ಗ್ರಾಹಕಗಳಿದ್ದು, ಅಲ್ಲಿಯೂ ಇದು ಸ್ವಲ್ಪ ಕೆಲಸ ಮಾಡುತ್ತದೆ.

ನುಂಗಿದ ಗುಳಿಗೆ ಕರುಳಿನಿಂದ ಹೀರಲ್ಪಟ್ಟು ಮೊದಲು ಯಕೃತ್ತಿಗೆ ಹೋಗುತ್ತದೆ. ಅಲ್ಲಿ ಒಂದು ಪಾಲು ಮುರಿದುಹೋಗಿ, ನೂರಕ್ಕೆ ಸುಮಾರು 60 ಪಾಲು ರಕ್ತಕ್ಕೆ ಸೇರುತ್ತದೆ. ರಕ್ತದಲ್ಲಿ ಅದರ ಪ್ರಮಾಣ ಶಿಖರಕ್ಕೆ ಏರಲು ಒಂದೂವರೆಯಿಂದ ಎರಡು ಗಂಟೆ ಬೇಕು. ಆಮೇಲೆ ಮೂರು ನಾಲ್ಕು ಗಂಟೆಗೊಮ್ಮೆ ಅರ್ಧಕ್ಕರ್ಧ ಇಳಿಯುತ್ತ ಬರುತ್ತದೆ. ನಾಲಿಗೆಯ ಮೇಲೆ ಇಟ್ಟರೆ ಕರಗುವ ಗುಳಿಗೆಯೂ ಉಂಟು. ಬಾಯಲ್ಲಿ ಕರಗಿದೊಡನೆ ಅದು ರಕ್ತಕ್ಕೆ ಸೇರಿತೆಂದು ತಿಳಿಯಬಾರದು. ಅದನ್ನೂ ಉಗುಳಿನೊಡನೆ ನುಂಗಿ, ಕರುಳು ಹೀರಿದ ಮೇಲೆಯೇ ಕೆಲಸ ನಡೆಯುವುದು. ನೀರು ಕುಡಿಯದೆ ತೆಗೆದುಕೊಳ್ಳಬಹುದೆಂಬುದೇ ಅದರ ಅನುಕೂಲ. ಹತ್ತು ನಿಮಿಷದಲ್ಲಿ ಗುಣ ಕಾಣಲಿಲ್ಲವೆಂದು ಇನ್ನೊಂದನ್ನು ನುಂಗುವುದು ತರವಲ್ಲ.

ಕ್ಯಾನ್ಸರ್ ಚಿಕಿತ್ಸೆಯಲ್ಲಿ ಇದರ ಉಪಕಾರ

ಈ ಔಷಧದ ನಿಜವಾದ ಬೆಲೆ ತಿಳಿಯಬೇಕಾದರೆ ಕ್ಯಾನ್ಸರ್ ರೋಗಿಗಳನ್ನು ಕೇಳಬೇಕು. ರೆಡ್ ಹಿಲ್ಸಿನ ಎಂ.ಎನ್.ಜೆ. ಕ್ಯಾನ್ಸರ್ ಆಸ್ಪತ್ರೆಗೆ ಬೀದರ, ರಾಯಚೂರು ಕಡೆಯಿಂದಲೂ ನಮ್ಮವರು ಬರುವುದುಂಟು. ಅವರ ಜೊತೆಗೆ ಓಡಾಡುವ ಕೆಲಸ ಈ ಊರಿನಲ್ಲಿ ನೌಕರಿಯಲ್ಲಿರುವ ನೆಂಟನ ಪಾಲಿಗೆ ಬರುತ್ತದೆ. 1978ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆದ ಸಿಸ್ಪ್ಲಾಟಿನ್ ಎಂಬ ಔಷಧವು ಹಲವು ಕ್ಯಾನ್ಸರುಗಳಿಗೆ ಒಳ್ಳೆಯದು. ಆದರೆ ವಾಂತಿ ತಡೆಯುವ ಔಷಧವಿಲ್ಲದೆ ಅದನ್ನು ಕೊಟ್ಟರೆ ನೂರರಲ್ಲಿ ತೊಂಬತ್ತಕ್ಕೂ ಹೆಚ್ಚು ಮಂದಿಗೆ ವಾಂತಿಯಾಗುತ್ತದೆ. ಅದರ ಭೀತಿಯಿಂದಲೇ ಚಿಕಿತ್ಸೆಯನ್ನು ನಡುವೆ ಬಿಟ್ಟವರುಂಟು. ಸಿಸ್ಪ್ಲಾಟಿನ್ ಕರುಳಿನ ಕೋಶಗಳನ್ನು ಕೆರಳಿಸಿ ಒಮ್ಮೆಲೆ ಸೆರೊಟೋನಿನ್ನನ್ನು ಸುರಿಸುತ್ತದೆ. ಆದಕಾರಣ ಮೊದಲ ದಿನದ ವಾಂತಿಗೆ ಒಂಡಾನ್ಸೆಟ್ರಾನ್ ಸರಿಯಾದ ತಡೆಯಾಯಿತು.

ಎರಡನೆಯ ಮೂರನೆಯ ದಿನ ಬರುವ ವಾಂತಿ ಬೇರೆ. ಅಲ್ಲಿ 'ಸಬ್‌ಸ್ಟೆನ್ಸ್ ಪಿ' ಎಂಬ ಮತ್ತೊಂದು ವಸ್ತು ಮುಖ್ಯ. ಅದನ್ನು ತಡೆಯುವ ಅಪ್ರೆಪಿಟಾಂಟ್ ಎಂಬ ಔಷಧ 2003ರಲ್ಲಿ ಬಂದಿತು. ಈಗ ಇಂಥ ಚಿಕಿತ್ಸೆಯಲ್ಲಿ ಮೂರು ನಾಲ್ಕು ಔಷಧಗಳನ್ನು ಕೂಡಿಸಿ, ಮುಂಚಿತವಾಗಿಯೇ ಕೊಡುತ್ತಾರೆ. ಜೊತೆಗಿರುವವರು ಒಂದು ಮಾತನ್ನು ಮರೆಯಬಾರದು: ಸ್ಥಾನವನ್ನು ಮೊದಲೇ ಹಿಡಿದಿಡುವುದಕ್ಕಾಗಿ ಈ ಗುಳಿಗೆಗಳನ್ನು ಹೊತ್ತು ಗೊತ್ತುಮಾಡಿ ಬರೆದಿರುತ್ತಾರೆ. ವಾಂತಿ ಬಂದ ಮೇಲೆ ನೋಡೋಣವೆಂದು ಉಳಿಸಿಟ್ಟರೆ ಅರ್ಧ ಫಲವೂ ಸಿಕ್ಕಲಾರದು.

ಬೇರೆ ದಾರಿಗೆ ಬೇರೆ ಗುಳಿಗೆ

ಇಷ್ಟು ಪ್ರಬಲವಾದ ಒಂಡಾನ್ಸೆಟ್ರಾನ್ ಬಸ್ಸಿನ ಓಕರಿಕೆಗೆ ಬಹುಮಟ್ಟಿಗೆ ನಿಷ್ಪ್ರಯೋಜಕ. ಕಿವಿಯ ದಾರಿಯಲ್ಲಿ ಸೆರೊಟೋನಿನ್ನಿನ ಈ ಓಲೆ ಹೋಗುವುದೇ ಇಲ್ಲವಾದುದರಿಂದ ಅದು ಯಾವುದನ್ನು ತಡೆದೀತು? ಪ್ರಯಾಣದ ವಾಂತಿಗೆ ಹಿಸ್ಟಮಿನ್ನನ್ನು ತಡೆಯುವ ಔಷಧ ಬೇಕು. ಅವೊಮಿನ್ ಎಂಬ ಹೆಸರಿನಲ್ಲಿ ಬರುವ ಪ್ರೊಮೆಥಜಿನ್ ಅಂಥದು. ಇದನ್ನು ಬಸ್ಸು ಹೊರಡುವುದಕ್ಕೆ ಮುಂಚೆಯೇ ತೆಗೆದುಕೊಳ್ಳಬೇಕು. ನಿದ್ದೆ ಬರಿಸುವುದು ಇದರ ಗುಣ. ಆದ್ದರಿಂದ ಆಟೋ ಓಡಿಸುವವರೂ ಕಾರಖಾನೆಯ ಯಂತ್ರದ ಮುಂದೆ ನಿಲ್ಲುವವರೂ ಕೆಲಸದ ಹೊತ್ತಿನಲ್ಲಿ ಇದನ್ನು ತೆಗೆದುಕೊಳ್ಳಬಾರದು. ಗಾಡಿಯ ಮುಂಭಾಗದಲ್ಲಿ ಕುಳಿತು ದೂರದ ಬಯಲನ್ನು ನೋಡುತ್ತಿದ್ದರೆ ಎಷ್ಟೋ ಸಲ ಗುಳಿಗೆಯೇ ಬೇಕಾಗುವುದಿಲ್ಲ.

ಡೋಪಮಿನ್ನನ್ನು ತಡೆಯುವ ಔಷಧಗಳ ಗುಂಪು ಇನ್ನೊಂದು. ಪೆರಿನಾರ್ಮ್ ಎಂದು ಬರುವ ಮೆಟೊಕ್ಲೊಪ್ರಮೈಡ್, ಸ್ಟೆಮೆಟಿಲ್ ಎಂದು ಬರುವ ಪ್ರೊಕ್ಲೋರ್‌ಪೆರಜಿನ್, ಡಾಮ್‌ಸ್ಟಾಲ್ ಎಂದು ಬರುವ ಡೊಂಪೆರಿಡೋನ್ ಈ ಗುಂಪಿನವು. ಇವುಗಳಲ್ಲಿ ಮೊದಲಿನ ಎರಡು ಮೆದುಳಿನೊಳಕ್ಕೂ ಹೋಗುತ್ತವೆ. ಅಲ್ಲಿ ಸ್ನಾಯುಗಳ ಚಲನೆಯನ್ನು ಸರಿದೂಗಿಸುವುದಕ್ಕೂ ಡೋಪಮಿನ್ನೇ ಬೇಕಾದುದರಿಂದ, ಒಮ್ಮೊಮ್ಮೆ ಎಳೆಯರಲ್ಲಿ ಕುತ್ತಿಗೆ ಒಂದು ಕಡೆಗೆ ತಿರುಚಿಕೊಂಡು, ಕಣ್ಣುಗುಡ್ಡೆ ಮೇಲಕ್ಕೆ ಸಿಕ್ಕಿಕೊಂಡು, ನಾಲಿಗೆ ಹೊರಳದಂತಾಗುತ್ತದೆ. ನೋಡಿದವರು ಮೂರ್ಛೆರೋಗವೆಂದೋ ಗಾಳಿ ಬಡಿಯಿತೆಂದೋ ಹೆದರುವುದುಂಟು. ಅದು ಗುಳಿಗೆಯ ಪರಿಣಾಮ. ಆಸ್ಪತ್ರೆಯಲ್ಲಿ ಒಂದು ಸೂಜಿಮದ್ದು ಕೊಟ್ಟರೆ ಸಾಮಾನ್ಯವಾಗಿ ಬೇಗ ಇಳಿಯುತ್ತದೆ. ಡೊಂಪೆರಿಡೋನ್ ಮೆದುಳಿಗೆ ಅಷ್ಟಾಗಿ ನುಗ್ಗುವುದಿಲ್ಲ. ಆದರೆ ಅದು ಹೃದಯದ ಬಡಿತವನ್ನು ತಪ್ಪಿಸಬಹುದೆಂದು 2014ರಲ್ಲಿ ಯುರೋಪಿನ ಔಷಧ ಪ್ರಾಧಿಕಾರವು ಅದರ ಪ್ರಮಾಣವನ್ನೂ ಅವಧಿಯನ್ನೂ ಮಿತಿಗೊಳಿಸಿತು.

ಒಂಡಾನ್ಸೆಟ್ರಾನ್‌ಗೂ ಇಂಥ ದೋಷವಿದೆ. ತಲೆನೋವು, ಮಲಬದ್ಧತೆ ಇವು ಸಾಮಾನ್ಯ. ಅಪರೂಪವಾಗಿ ಅದು ಹೃದಯದ ವಿದ್ಯುತ್ತಿನ ಲಯವನ್ನು ಕೆಡಿಸುತ್ತದೆ. ರಕ್ತನಾಳಕ್ಕೆ ಒಂದೇ ಸಲ 32 ಮಿಲಿಗ್ರಾಂ ಕೊಡುವ ಪದ್ಧತಿಯನ್ನು ಅಮೆರಿಕದ ಔಷಧ ಇಲಾಖೆಯು 2012ರಲ್ಲಿ ಈ ಕಾರಣದಿಂದ ನಿಲ್ಲಿಸಿತು. ನಾವು ನುಂಗುವ ಗುಳಿಗೆ ಸಾಮಾನ್ಯವಾಗಿ 4 ಅಥವಾ 8 ಮಿಲಿಗ್ರಾಂ ಮಾತ್ರ. ಆದರೂ ಹೃದಯದ ಕಾಯಿಲೆ ಇದ್ದವರು, ಅಜಿತ್ರೊಮೈಸಿನ್‌ನಂತಹ ಔಷಧ ತೆಗೆದುಕೊಳ್ಳುತ್ತಿರುವವರು, ವಾಂತಿಭೇದಿಯಿಂದ ದೇಹದ ಪೊಟ್ಯಾಸಿಯಂ ಇಳಿದವರು ವೈದ್ಯರಿಗೆ ತಿಳಿಸದೆ ಇದನ್ನು ನುಂಗಬಾರದು. ಗರ್ಭಿಣಿಯರ ಮಾತಂತೂ ಬೇರೆಯೇ. ಅವರ ಓಕರಿಕೆಗೆ ವೈದ್ಯರು ಮೊದಲು ಬರೆಯುವ ಔಷಧ ಬೇರೆ ಇದೆ; ಗಂಡಸರಿಗೆ ಬರೆದ ಪಟ್ಟಿಯಿಂದ ಒಂದು ಗುಳಿಗೆ ಮುರಿದುಕೊಡದೆ ಸುಲ್ತಾನ್ ಬಜಾರಿನ ಹೆರಿಗೆ ಆಸ್ಪತ್ರೆಗೆ ಕರೆದೊಯ್ಯುವುದು ಮೇಲು.

ಗುಳಿಗೆಗಿಂತ ಮೊದಲು ನೀರು

ಗುಳಿಗೆ ದೂರನ್ನು ತಡೆಯುತ್ತದೆ, ಕಾಯಿಲೆಯನ್ನು ತಡೆಯುವುದಿಲ್ಲ ಎಂದೆವಷ್ಟೆ. ವಾಂತಿಭೇದಿಯಲ್ಲಿ ಜೀವ ಹೋಗುವುದು ನೀರೂ ಉಪ್ಪೂ ಬತ್ತಿದುದರಿಂದ. 1971ರಲ್ಲಿ ಬಾಂಗ್ಲಾ ನಿರಾಶ್ರಿತರು ಪಶ್ಚಿಮ ಬಂಗಾಳದ ಬನಗಾಂವ್ ಶಿಬಿರದಲ್ಲಿ ಕಾಲರಾಕ್ಕೆ ಸಿಕ್ಕಾಗ, ಸಲೈನ್ ಸಾಲದೆ ಹೋಯಿತು. ಡಾ. ದಿಲೀಪ್ ಮಹಾಲನಬೀಸ್ ಅವರು ಉಪ್ಪು ಸಕ್ಕರೆಗಳನ್ನು ತೂಗಿ ನೀರಿನಲ್ಲಿ ಕದಡಿ ಕುಡಿಸಿದರು. ನೂರಕ್ಕೆ ಸುಮಾರು 30 ಇದ್ದ ಸಾವು ನೂರಕ್ಕೆ 4ಕ್ಕಿಂತ ಕೆಳಕ್ಕೆ ಇಳಿಯಿತು. ಕರುಳಿನ ಗೋಡೆಯು ಉಪ್ಪನ್ನೂ ಸಕ್ಕರೆಯನ್ನೂ ಜೋಡಿಯಾಗಿ ಒಳಗೆ ಎಳೆದುಕೊಳ್ಳುತ್ತದೆ, ನೀರು ಅವುಗಳನ್ನು ಹಿಂಬಾಲಿಸುತ್ತದೆ, ಓ.ಆರ್.ಎಸ್. ಪುಡಿಯ ಗುಟ್ಟು ಇದು.

ವಾಂತಿಯಾಗುತ್ತಿರುವಾಗ ಕುಡಿಸುವುದು ಹೇಗೆ? ಇಲ್ಲಿ ಗುಳಿಗೆ ನೀರಿಗೆ ನೆರವಾಗುತ್ತದೆ. 2006ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ಪರೀಕ್ಷೆಯಲ್ಲಿ, ವಾಂತಿಭೇದಿಯಿಂದ ಬಂದ 215 ಮಕ್ಕಳಲ್ಲಿ ಅರ್ಧದಷ್ಟು ಮಕ್ಕಳಿಗೆ ಒಂಡಾನ್ಸೆಟ್ರಾನ್, ಉಳಿದವರಿಗೆ ಹುಸಿಗುಳಿಗೆ ಕೊಟ್ಟರು. ಓ.ಆರ್.ಎಸ್. ಕುಡಿಸುವಾಗ ಹುಸಿಗುಳಿಗೆಯವರಲ್ಲಿ ನೂರಕ್ಕೆ 35 ಮಂದಿ ವಾಂತಿ ಮಾಡಿದರೆ, ಔಷಧದವರಲ್ಲಿ ನೂರಕ್ಕೆ 14 ಮಂದಿ ಮಾತ್ರ ಮಾಡಿದರು. ಸಲೈನ್ ಬೇಕಾದವರೂ ಅರ್ಧಕ್ಕಿಂತ ಕಡಿಮೆಯಾದರು. ಭೇದಿ ಮಾತ್ರ ಔಷಧದವರಲ್ಲಿ ತುಸು ಹೆಚ್ಚೇ ಆಗಿತ್ತು. ಅಂದರೆ ವೈದ್ಯರು ಕೊಟ್ಟ ಒಂದು ಗುಳಿಗೆ ನೀರು ಕುಡಿಯಲು ಬಿಡುವು ಮಾಡಿಕೊಡುತ್ತದೆ. ಆ ಬಿಡುವಿನಲ್ಲಿ ನೀರು ಕುಡಿಯದಿದ್ದರೆ ಗುಳಿಗೆ ನುಂಗಿದ್ದು ವ್ಯರ್ಥ.

ದೊಡ್ಡ ಪೊಟ್ಟಣವನ್ನು ಪೂರ್ತಿಯಾಗಿ ಒಂದು ಲೀಟರು ಕುದಿಸಿ ಆರಿಸಿದ ನೀರಿಗೆ ಹಾಕಿ, ಗುಟುಕು ಗುಟುಕಾಗಿ ಕುಡಿಯಬೇಕು. ವಾಂತಿಯಾದರೆ ಹತ್ತು ನಿಮಿಷ ತಡೆದು ಮತ್ತೆ ನಿಧಾನವಾಗಿ ಮೊದಲುಮಾಡಬೇಕು. ಓ.ಆರ್.ಎಸ್. ಎಂದು ಹೆಸರಿಟ್ಟು ಬಹಳ ಸಕ್ಕರೆಯ ಹಣ್ಣಿನ ಪಾನಕಗಳನ್ನು ಮಾರುತ್ತಿದ್ದುದರ ವಿರುದ್ಧ ಹೈದರಾಬಾದಿನ ಮಕ್ಕಳ ವೈದ್ಯೆ ಡಾ. ಶಿವರಂಜನಿ ಸಂತೋಷ್ ಅವರು ವರ್ಷಗಟ್ಟಲೆ ಹೋರಾಡಿದರು. 2025ರ ಅಕ್ಟೋಬರಿನಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರವು ಅಂಥ ಪಾನಕಗಳಿಗೆ ಆ ಹೆಸರನ್ನು ಬಳಸಕೂಡದೆಂದು ಆಜ್ಞೆ ಮಾಡಿತು. ಪೊಟ್ಟಣದ ಮೇಲೆ ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರವೆಂದು ಬರೆದಿರುವುದನ್ನು ನೋಡಿ ಕೊಳ್ಳಿರಿ.

ಗುಳಿಗೆ ನುಂಗಿ ಕಾಯಬಾರದ ವಾಂತಿ

ವಾಂತಿಯೊಡನೆ ಎದೆಯಲ್ಲಿ ಹಿಸುಕಿದಂತಾಗಿ ತಣ್ಣನೆಯ ಬೆವರು ಬಂದರೆ ಅದು ಹೃದಯಾಘಾತವಿರಬಹುದು. ಸಕ್ಕರೆ ಕಾಯಿಲೆಯವರಲ್ಲಿ ಎದೆನೋವೇ ಇಲ್ಲದೆ ವಾಂತಿ ಮತ್ತು ಸುಸ್ತು ಮಾತ್ರ ಕಾಣುವುದೂ ಉಂಟು. ಹೊಟ್ಟೆಯ ಬಲಗಡೆ ಕೆಳಗೆ ನೋವು ಹೆಚ್ಚುತ್ತ ಹೋದರೆ ಅಪೆಂಡಿಸೈಟಿಸ್ ಇರಬಹುದು. ಕಾರಿದ್ದರಲ್ಲಿ ರಕ್ತ ಅಥವಾ ಕಾಫಿ ಗಸಿಯಂತಹ ಕಪ್ಪು ಕಂಡರೆ, ಹೊಟ್ಟೆ ಉಬ್ಬಿ ಗಾಳಿಯೂ ಸರಿಯದಿದ್ದರೆ, ತಲೆಗೆ ಪೆಟ್ಟು ಬಿದ್ದ ಮೇಲೆ ವಾಂತಿಯಾದರೆ, ಎಂಟು ಗಂಟೆ ಮೂತ್ರ ಹೋಗದಿದ್ದರೆ, ವಿಷ ಅಥವಾ ಕೀಟನಾಶಕ ಒಳಗೆ ಹೋಗಿದೆಯೆಂಬ ಅನುಮಾನವಿದ್ದರೆ, ಗುಳಿಗೆಯ ಅಂಗಡಿಗೆ ಹೋಗದೆ 108ಕ್ಕೆ ಫೋನು ಮಾಡಿ ಉಸ್ಮಾನಿಯಾ ಆಸ್ಪತ್ರೆಗೋ ಹತ್ತಿರದ ದೊಡ್ಡ ಆಸ್ಪತ್ರೆಗೋ ಹೋಗಬೇಕು. ಇಂಥ ಹೊತ್ತಿನಲ್ಲಿ ವಾಂತಿಯನ್ನು ಮಾತ್ರ ಅಡಗಿಸಿದರೆ, ಒಳಗಿನ ಅಪಾಯ ಬೆಳೆಯುತ್ತಿದ್ದರೂ ರೋಗಿಗೆ ಮೇಲೆನಿಸಿ ಅಮೂಲ್ಯವಾದ ಗಂಟೆಗಳು ಕಳೆದುಹೋಗುತ್ತವೆ.

ಒಂಡಾನ್ಸೆಟ್ರಾನನ್ನು ನಮ್ಮ ದೇಶದ ಔಷಧ ನಿಯಮಗಳಲ್ಲಿ ಶೆಡ್ಯೂಲ್ ಎಚ್ ಎಂಬ ಪಟ್ಟಿಗೆ ಸೇರಿಸಿರುವುದು ಇಂಥ ಕಾರಣಗಳಿಂದಲೇ. ವೈದ್ಯರ ಚೀಟಿಯಿಲ್ಲದೆ ಅದನ್ನು ಮಾರಕೂಡದು. ವೈದ್ಯರೆದುರು ಕುಳಿತಾಗ ನಮ್ಮ ಕೆಲಸವೂ ಸ್ವಲ್ಪ ಇದೆ. ವಾಂತಿಯೆಂಬ ಮಾತು ತೆಲುಗಿನಲ್ಲಿಯೂ ನಡೆಯುತ್ತದೆ, ದಖನಿಯಲ್ಲಿ ಉಲ್ಟಿ ಎಂದರೆ ಆಯಿತು. ಆದರೆ ಅಷ್ಟನ್ನೇ ಹೇಳಿ ಸುಮ್ಮನಾದರೆ ನಾಲ್ಕು ದಾರಿಗಳಲ್ಲಿ ಯಾವುದೆಂದು ಅವರಿಗೆ ತಿಳಿಯುವುದು ಕಷ್ಟ. ಯಾವಾಗಿನಿಂದ, ಏನು ತಿಂದ ಮೇಲೆ, ಪ್ರಯಾಣದಲ್ಲಿಯೋ ಮನೆಯಲ್ಲಿಯೋ, ಜ್ವರ ಭೇದಿ ನೋವು ಉಂಟೋ ಇಲ್ಲವೋ, ಬೇರೆ ಯಾವ ಗುಳಿಗೆ ನಡೆದಿದೆ ಎಂಬಿಷ್ಟನ್ನು ಹೇಳಿರಿ. ಭಾಷೆ ತೊಡಕಾದರೆ ತೆಗೆದುಕೊಳ್ಳುತ್ತಿರುವ ಗುಳಿಗೆಗಳ ಪಟ್ಟಿಗಳನ್ನೇ ಜೇಬಿನಲ್ಲಿಟ್ಟುಕೊಂಡು ಹೋಗಿ ತೋರಿಸಿರಿ. ಗುಣವಾದ ಮೇಲೆ ಉಳಿದ ಗುಳಿಗೆಯನ್ನು ಪಕ್ಕದ ಕೋಣೆಯವರಿಗೆ ಕೊಡಬೇಡಿರಿ. ಅವರ ವಾಂತಿ ಬಂದ ದಾರಿ ಬೇರೆಯಿರಬಹುದು.